ಚುಚ್ಚಿದ ಮರುದಿನದ ಫೋನು

ಬೆಳಗಿನ ಆರೂಕಾಲು. ಮೂರನೇ ಮಹಡಿಯ ಕ್ಲಿನಿಕ್ಕಿನಲ್ಲಿ ಇನ್ನೂ ದೀಪ ಹಾಕಿಲ್ಲ. ಸಿಸ್ಟರ್ ಫೋನು ಕಿವಿಗಿಟ್ಟುಕೊಂಡು ಓಡಾಡುತ್ತಿದ್ದಾರೆ. ಕುರ್ಚಿ ಇದೆ, ಕೂರುವುದಿಲ್ಲ. ಫೋನು ಹಿಡಿದರೆ ಸಾಕು, ಇವರ ಕಾಲಿಗೆ ಚಕ್ರ ಬರುತ್ತದೆ. ಮೇಜಿನಿಂದ ಫ್ರಿಜ್ಜಿಗೆ ಏಳು ಹೆಜ್ಜೆ, ಫ್ರಿಜ್ಜಿನಿಂದ ಮೇಜಿಗೆ ಏಳು ಹೆಜ್ಜೆ.

"ನಿದ್ದೆ ಬಂತಾ ಮೇಡಂ? ಸರಿ, ಕನ್ನಡಿ ತಗೊಂಡು ಕಿಟಕಿ ಹತ್ರ ಹೋಗಿ. ಚುಚ್ಚಿದ ಜಾಗದ ಪಕ್ಕ ಬೆರಳಿಂದ ಮೆತ್ತಗೆ ಒತ್ತಿ, ಬಿಡಿ. ಬಿಳಿ ಆಯ್ತಲ್ಲ? ಒಂದು, ಎರಡು ಅನ್ನೋಷ್ಟರಲ್ಲಿ ಬಣ್ಣ ವಾಪಸ್ ಬರ್ಬೇಕು. ಬಂತಾ? ಅಷ್ಟೇ, ಇನ್ನು ಹೋಗಿ ಕಾಫಿ ಕುಡೀರಿ."

ಇದು ಮುಖಕ್ಕೆ ಫಿಲ್ಲರ್ ಚುಚ್ಚುವ ಕ್ಲಿನಿಕ್ಕು. ಬತ್ತಿದ ಕೆನ್ನೆ, ತೆಳ್ಳನೆಯ ತುಟಿ, ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆ, ಇವಕ್ಕೆಲ್ಲ ಚರ್ಮದ ಅಡಿಯಲ್ಲಿ ಜೆಲ್ ತುಂಬಲಾಗುತ್ತದೆ. ಚುಚ್ಚುವವರು ಡಾಕ್ಟರು, ಆದ್ದರಿಂದ ಹೊಗಳಿಕೆಯೂ ಅವರಿಗೇ. ಗೋಡೆಯ ಮೇಲಿರುವುದು ಅವರ ಫೋಟೊ. ಚುಚ್ಚುವಾಗ ಕೈ ಹಿಡಿದುಕೊಳ್ಳುವ, ಚುಚ್ಚಿದ ಮೇಲೆ ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಸಿಸ್ಟರ್ ಯಾವ ಫೋಟೊದಲ್ಲೂ ಇಲ್ಲ. ಹತ್ತೊಂಬತ್ತು ವರ್ಷದ ನೌಕರಿ. ದಿನಕ್ಕೆ ಎಂಟೋ ಹತ್ತೋ ಮುಖ. ಮರುದಿನ ಮುಂಜಾನೆ ಅಷ್ಟೇ ಫೋನು. ಈ ಫೋನು ಕ್ಲಿನಿಕ್ಕಿನ ನಿಯಮವಲ್ಲ, ಇವರೇ ಹಚ್ಚಿಕೊಂಡ ಚಾಳಿ. ಕೆಲಸ ಶುರುವಾಗುವುದು ಎಂಟಕ್ಕೆ, ಇವರು ಬರುವುದು ಆರಕ್ಕೆ.

ಮನೆಯಲ್ಲಿ ಎಪ್ಪತ್ತಾರರ ಅತ್ತೆ ಇದ್ದಾರೆ. ಸೊಸೆಯ ಕೆಲಸವನ್ನು ಅವರು "ಮುಖಕ್ಕೆ ಗಾಳಿ ಹೊಡಿಯೋ ಅಂಗಡಿ" ಎಂದೇ ಕರೆಯುವುದು. "ನನಗೂ ಒಂದು ಸಲ ಹೊಡೆಸೇ, ಸ್ವರ್ಗದಲ್ಲಿ ನಿಮ್ಮ ಮಾವ ಗುರುತು ಹಿಡೀದೆ ಒದ್ದಾಡಲಿ" ಎಂದು ಛೇಡಿಸುತ್ತಾರೆ. ಆದರೂ ಬೆಳಿಗ್ಗೆ ಐದಕ್ಕೆ ಎದ್ದು ಸೊಸೆಯ ಡಬ್ಬಿ ಕಟ್ಟುವವರು ಅವರೇ.

ಬಂದವರಿಗೆ ಸಿಸ್ಟರ್ ಹೇಳುವ ಮಾತಿನಲ್ಲಿ ಸಕ್ಕರೆ ಕಡಿಮೆ. "ಊದ್ಕೊಳ್ಳುತ್ತೆ. ನಾಳೆ ನಾಡಿದ್ದು ಇನ್ನೂ ಜಾಸ್ತಿ. ತುಟಿ ಆದ್ರೆ ಜೇನು ಕಚ್ಚಿದ ಹಾಗೆ ಕಾಣುತ್ತೆ, ಅಳಬೇಡಿ. ನೀಲಿ ಕಲೆ ಒಂದು ವಾರ, ಕೆಲವರಿಗೆ ಎರಡು. ಬೋರಲು ಮಲಗಬೇಡಿ, ತಿಕ್ಕಬೇಡಿ. ಓಟ, ಬಿಸಿ ಹಬೆ, ಕುಡಿತ ಎರಡು ದಿನ ಬೇಡ. ಎರಡು ವಾರ ಕನ್ನಡಿ ಜತೆ ಜಗಳ ಆಡ್ಬೇಡಿ. ಎಷ್ಟೇ ಚೆನ್ನಾಗಿ ಬಂದ್ರೂ ವರ್ಷ ಒಂದೂವರೆ ವರ್ಷಕ್ಕೆ ಕರಗೇ ಹೋಗುತ್ತೆ." ಕೊನೆಗೆ ದನಿ ಗಟ್ಟಿಯಾಗುತ್ತದೆ. "ತಡಿಯೋಕಾಗದ ನೋವು ಬಂದ್ರೆ, ಚರ್ಮ ಬೆಳ್ಳಗಾದ್ರೆ, ಬಲೆ ಬಲೆಯಾಗಿ ನೇರಳೆ ಬಣ್ಣ ಬಂದ್ರೆ, ಕಣ್ಣು ಮಂಜಾದ್ರೆ ಹೊತ್ತು ಗೊತ್ತು ನೋಡ್ಬೇಡಿ. ಫೋನ್ ಮಾಡಿ."

ಆ ಗಟ್ಟಿ ದನಿಗೆ ಕಾರಣ ಹನ್ನೊಂದು ವರ್ಷದ ಹಿಂದಿನ ಒಂದು ತಪ್ಪು. ಇಪ್ಪತ್ತಾರರ ಹುಡುಗಿಯೊಬ್ಬಳು ಚುಚ್ಚಿಸಿಕೊಂಡ ಸಂಜೆಯೇ ಫೋನು ಮಾಡಿ ತುಂಬ ನೋವೆಂದಳು. ಸಿಸ್ಟರ್ ಎಲ್ಲರಿಗೂ ಹೇಳುವಂತೆ "ಐಸ್ ಇಡಮ್ಮ" ಎಂದರು. ಜೆಲ್ ರಕ್ತನಾಳದಲ್ಲಿ ಸಿಕ್ಕಿಕೊಂಡು ರಕ್ತ ಹರಿಯದಂತೆ ತಡೆದಿತ್ತು. ಐಸಿಗೆ ನೋವು ಮರಗಟ್ಟಿತು, ಚರ್ಮ ಬೆಳ್ಳಗಾದದ್ದು ಐಸಿನ ತಂಪಿಗೇ ಎಂದು ಹುಡುಗಿಗೆ ಅನ್ನಿಸಿತು. ಬೆಳಗಾಗುವ ಹೊತ್ತಿಗೆ ಮೂಗಿನ ಅಂಚು ಕಪ್ಪಾಗಿತ್ತು. ಅಲ್ಲಿ ಈಗಲೂ ಅವರೆಕಾಳಿನಷ್ಟು ಗುಳಿ ಇದೆ.

"ಆ ಮಗು ನನ್ನ ಬೈಲೇ ಇಲ್ಲ. ಬೈದಿದ್ರೆ ಸ್ವಲ್ಪ ನಿದ್ದೆ ಬರ್ತಿತ್ತೇನೋ" ಎನ್ನುತ್ತಾರೆ ಸಿಸ್ಟರ್.

ಈ ಬೆಳಿಗ್ಗೆ ಒಂಬತ್ತು ಫೋನು ಮಾಡಬೇಕು. ಎಂಟು ಮುಗಿದಿವೆ. ಒಂಬತ್ತನೆಯವರು ಎತ್ತುತ್ತಿಲ್ಲ. ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ನಿಲ್ಲುವ ನಲವತ್ನಾಲ್ಕರ ಹೆಂಗಸು. "ಯಾಕ್ರೀ, ಹುಷಾರಿಲ್ವಾ?" ಎಂದು ಮ್ಯಾನೇಜರು ದಿನಾ ಕೇಳುವುದು ಸಾಕಾಗಿ, ಆಕೆ ನಿನ್ನೆ ಮೂಗಿನ ಪಕ್ಕದ ಗೆರೆ ತುಂಬಿಸಿಕೊಂಡಿದ್ದಾರೆ. ಮನೆಯವರಿಗೆ ಮಾತ್ರ ತಿಳಿಯಕೂಡದೆಂದು ಮೂರು ಸಲ ಹೇಳಿ, ಕಾಗದದಲ್ಲೂ ಬರೆಸಿದ್ದಾರೆ. ಇಂಥವರ ಫೋನಿನಲ್ಲಿ ಸಿಸ್ಟರಿಗೆ ನಾನಾ ಅವತಾರ. ಒಬ್ಬರಿಗೆ ಗ್ಯಾಸ್ ಏಜೆನ್ಸಿ, ಇನ್ನೊಬ್ಬರಿಗೆ ಎಲ್‌ಐಸಿಯವಳು. ಈ ಹೆಂಗಸಿಗೆ ಇವರು ಟೈಲರ್.

ಆರೂ ಐವತ್ತಕ್ಕೆ ಮೂರನೇ ಸಲ ಮಾಡಿದಾಗ ಗಂಡಸಿನ ದನಿ ಬರುತ್ತದೆ.

"ಟೈಲರಾ? ಏನ್ರೀ ಇಷ್ಟು ಹೊತ್ತಿಗೆ! ಅವಳು ಈಗಷ್ಟೇ ಕಣ್ಣು ಮುಚ್ಚಿದಾಳೆ. ರಾತ್ರಿಯಿಡೀ ಹಲ್ಲುನೋವು ಅಂತ ಒದ್ದಾಡಿದ್ಳು. ಐಸ್ ಇಟ್ಕೊಂಡು ಮಲಗಿದಾಳೆ."

"ಒಂದು ನಿಮಿಷ ಎಬ್ಬಿಸಿ ಸರ್" ಎಂದು ಸಿಸ್ಟರ್ ಹೇಳುವಷ್ಟರಲ್ಲಿ ಗಂಡ ಫೋನು ಇಟ್ಟಾಗಿದೆ.

ಏಳು ಹೆಜ್ಜೆ ಆ ಕಡೆ, ಏಳು ಹೆಜ್ಜೆ ಈ ಕಡೆ. ರೋಗಿಯ ಗುಟ್ಟು ಬಿಟ್ಟುಕೊಟ್ಟರೆ ಕೆಲಸ ಹೋಗಬಹುದು, ಒಂದು ಸಂಸಾರಕ್ಕೆ ಬೆಂಕಿ ಬೀಳಬಹುದು. ಬಿಟ್ಟುಕೊಡದಿದ್ದರೆ ಒಂದು ಮುಖ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಪಾಡು. ಮತ್ತೆ ಡಯಲ್ ಮಾಡುತ್ತಾರೆ.

"ಏನಮ್ಮಾ ನಿಂದು ಗೋಳು?"

"ನಾನು ಟೈಲರ್ ಅಲ್ಲ ಸರ್, ನರ್ಸು. ನಿಮ್ಮ ಮನೆಯವ್ರು ನಿನ್ನೆ ಮುಖಕ್ಕೆ ಇಂಜೆಕ್ಷನ್ ತಗೊಂಡಿದಾರೆ. ಅದು ಹಲ್ಲುನೋವಲ್ಲ. ಮೊದ್ಲು ಐಸ್ ತೆಗೀರಿ."

"ಯಾವ ಇಂಜೆಕ್ಷನ್ನು?"

"ಜಗಳ ಆಮೇಲೆ ಆಡಿ ಸರ್, ದಮ್ಮಯ್ಯ. ದೀಪ ಹಾಕಿ, ಮೂಗಿನ ಪಕ್ಕ ನೋಡಿ."

ಸ್ವಿಚ್ಚಿನ ಸದ್ದು, ಹೆಂಗಸಿನ ನರಳಾಟ, ಆಮೇಲೆ ಗಂಡನ ಬದಲಾದ ದನಿ. "ಬೆಳ್ಳಗಿದೆ. ಸುತ್ತ ಏನೋ ನೇರಳೆ ಗೆರೆಗಳು."

"ಒತ್ತಿ ಬಿಡಿ. ಬಣ್ಣ ಬರ್ತಿದೆಯಾ?"

"ಇಲ್ಲ."

ಏಳೂವರೆಗೆ ದಂಪತಿ ಕ್ಲಿನಿಕ್ಕಿನಲ್ಲಿದ್ದಾರೆ. ಡಾಕ್ಟರು ಗಡ್ಡ ಕೂಡ ಬೋಳಿಸದೆ ಓಡಿ ಬಂದಿದ್ದಾರೆ. ತುಂಬಿದ ಜೆಲ್ಲನ್ನು ಕರಗಿಸುವ ಮದ್ದು ಫ್ರಿಜ್ಜಿನಲ್ಲಿ ಸದಾ ಇರುತ್ತದೆ, ಇಲ್ಲದಂತೆ ಸಿಸ್ಟರ್ ಬಿಡುವುದಿಲ್ಲ. ಅದನ್ನು ಚುಚ್ಚಿ, ಬೆಚ್ಚಗಿನ ಬಟ್ಟೆ ಇಟ್ಟು, ಗಂಟೆಗೊಮ್ಮೆ ಮತ್ತೆ ಚುಚ್ಚುತ್ತಾರೆ. ನಡುನಡುವೆ ಸಿಸ್ಟರ್ ಒತ್ತಿ ಬಿಟ್ಟು, ಬಣ್ಣ ಬರುವವರೆಗೆ ಎಣಿಸುತ್ತಾರೆ. ಮೊದಲು ಒಂಬತ್ತು, ಆಮೇಲೆ ಆರು, ಹನ್ನೊಂದು ಗಂಟೆಗೆ ನಾಲ್ಕು. ಮಧ್ಯಾಹ್ನ ಒಂದಕ್ಕೆ ಎರಡು.

ಕಾರಿಡಾರಿನಲ್ಲಿ ಗಂಡ ಅಡ್ಡಗಟ್ಟುತ್ತಾರೆ. "ಎಷ್ಟು ದಿನದಿಂದ ಇಲ್ಲಿಗೆ ಬರ್ತಿದಾಳೆ?"

"ಅದನ್ನ ಅವರನ್ನೇ ಕೇಳಿ ಸರ್" ಎಂದು ಸಿಸ್ಟರ್ ಸರಿದು ಹೋಗುತ್ತಾರೆ.

ಮೂರನೇ ದಿನ ದೂರು ಬರುತ್ತದೆ. ಹೆಂಗಸೇ ಬರೆದದ್ದು. ಗುಟ್ಟು ಕಾಯಲಿಲ್ಲವೆಂದು ಕ್ಲಿನಿಕ್ಕಿನ ಮಾಲೀಕರು ಸಿಸ್ಟರಿಗೆ ಎಚ್ಚರಿಕೆ ಪತ್ರ ಕೊಡುತ್ತಾರೆ. ಇನ್ನೊಮ್ಮೆ ಹೀಗಾದರೆ ಮನೆಗೆ ಎಂದು ಅದರಲ್ಲಿದೆ. ಸಿಸ್ಟರ್ ಸಹಿ ಹಾಕಿ, ಮರುದಿನ ಮತ್ತೆ ಆರಕ್ಕೆ ಬಂದು ಫೋನು ಹಿಡಿಯುತ್ತಾರೆ. ದೂರು ಬರೆದವರ ಬಗ್ಗೆ ಸಿಟ್ಟಿಲ್ಲವೆಂದರೆ ಸುಳ್ಳು. ಇದೆ. "ಆದ್ರೆ ಅವರದ್ದೂ ತಪ್ಪಲ್ಲ. ಹೇಳ್ಬೇಡಿ ಅಂದಿದ್ರು, ನಾನು ಹೇಳ್ದೆ."

ಹತ್ತನೇ ದಿನ ಡಾಕ್ಟರು ಮುಖ ನೋಡಲು ಕರೆಸಿದಾಗ ಆಕೆ ಒಬ್ಬರೇ ಬರುತ್ತಾರೆ. ಬಾಗಿಲಲ್ಲಿ ಸಿಸ್ಟರನ್ನು ಕಂಡದ್ದೇ ತಡ, ಹತ್ತು ದಿನದ್ದೆಲ್ಲ ಒಟ್ಟಿಗೆ ಹೊರಬೀಳುತ್ತದೆ. ಗಂಡ ನೆಟ್ಟಗೆ ಮಾತಾಡುತ್ತಿಲ್ಲವಂತೆ. ಅತ್ತಿಗೆ ನಾದಿನಿಯರಿಗೆಲ್ಲ ಸುದ್ದಿ ಮುಟ್ಟಿದೆಯಂತೆ. "ನಿಮ್ಮಿಂದ ನನ್ನ ಮಾನ ಹೋಯ್ತು" ಎಂದು ಆಕೆ ಕೂಗುತ್ತಾರೆ. ಕಾದು ಕೂತವರೆಲ್ಲ ತಿರುಗಿ ನೋಡುತ್ತಾರೆ. ಸಿಸ್ಟರ್ ನಿಂತ ಕಾಲಲ್ಲಿ ಅಲ್ಲಾಡದೆ ಕೇಳಿಸಿಕೊಳ್ಳುತ್ತಾರೆ.

ಅಷ್ಟು ಬೈದರೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರೆ ಸಿಸ್ಟರ್ ಸಿರಿಂಜಿನ ಡಬ್ಬಿ ಮುಚ್ಚಿ, ಕೈ ತೊಳೆದು ಬಂದು ಹೇಳುತ್ತಾರೆ.

"ಅವರು ಬೈದದ್ದು ಅರ್ಧ ಕೇಳಿಸ್ಲೇ ಇಲ್ಲ. ನಾನು ಮುಖ ನೋಡ್ತಾ ಇದ್ದೆ. ಸಿಟ್ಟಿಗೆ ಕೆಂಪು ಏರ್ತಲ್ಲ, ಎರಡೂ ಕಡೆ ಒಂದೇ ಸಮ ಏರಿತ್ತು, ಮೂಗಿನ ತುದಿವರೆಗೂ."