ಚೀಲಗಳು ನಿಂತ ಸಾಲು

ಮೂವತ್ತೆರಡು ವರ್ಷ ಮಕ್ಕಳಿಗೆ ಪೌರನೀತಿ ಪಾಠ ಹೇಳಿದ ನಾನು ಒಂದು ಸಲ ಒಂದು ಚೀಲಕ್ಕೆ ಮೋಸ ಮಾಡಿದ್ದೇನೆ. ಮನುಷ್ಯರಿಗೆ ಮಾಡಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆನೋ ಏನೋ. ಚೀಲಕ್ಕೆ ಮಾಡಿದ್ದು ಮಾತ್ರ ಇನ್ನೂ ನೆನಪಿದೆ.

ಕೊರೊನಾ ಕಾಲದ ಮಾತು. ಅಜ್ಜಂಪುರದ ನಮ್ಮ ಬೀದಿಯ ಶಿವಣ್ಣನ ದಿನಸಿ ಅಂಗಡಿಯ ಮುಂದೆ ಸುಣ್ಣದಲ್ಲಿ ವೃತ್ತಗಳನ್ನು ಬರೆದಿದ್ದರು. ಒಂದೊಂದರಲ್ಲಿ ಒಬ್ಬೊಬ್ಬರು ನಿಲ್ಲಬೇಕು, ನಡುವೆ ಒಂದು ಮಾರು ಅಂತರ. ಎರಡು ದಿನ ನಿಂತೆವು. ಮೂರನೆಯ ದಿನ ಬಿಸಿಲು ಜಾಸ್ತಿಯಾಯಿತು. ಯಾರೋ ಪುಣ್ಯಾತ್ಮರು ತಮ್ಮ ವೃತ್ತದಲ್ಲಿ ಚೀಲ ಇಟ್ಟು ಎದುರಿನ ಹೊಂಗೆಮರದ ನೆರಳಿಗೆ ಹೋದರು. ಅರ್ಧ ಗಂಟೆಯಲ್ಲಿ ವೃತ್ತಗಳಲ್ಲೆಲ್ಲ ಚೀಲ, ಮನುಷ್ಯರೆಲ್ಲ ಮರದಡಿ. ಚೀಲಗಳು ಸರ್ಕಾರ ಹೇಳಿದ ಅಂತರವನ್ನು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದವು. ನಾವು ಹದಿನೈದು ಜನ ಭುಜಕ್ಕೆ ಭುಜ ತಾಗಿಸಿಕೊಂಡು, ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ರೋಗ ಹೇಗೆ ಹರಡುತ್ತದೆ ಎಂದು ಚರ್ಚೆ ಮಾಡುತ್ತಿದ್ದೆವು. ನಾನು ಕಂಡಂತೆ ಒಂದು ಚೀಲಕ್ಕೂ ಸೋಂಕು ತಗಲಲಿಲ್ಲ.

ಇದೇನೂ ಹೊಸ ಶೋಧವಲ್ಲ. ನಮ್ಮಪ್ಪನ ಕಾಲದಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆ ಡಬ್ಬಗಳು ನಿಲ್ಲುತ್ತಿದ್ದವು. ಡಬ್ಬ ಇಲ್ಲದವರು ಒಂದು ಕಲ್ಲು ಇಟ್ಟು ಹೋಗುತ್ತಿದ್ದರು. ಆ ಕಲ್ಲನ್ನು ಯಾರೂ ಸರಿಸುತ್ತಿರಲಿಲ್ಲ. ಮನುಷ್ಯ ನಿಂತಿದ್ದರೆ ನುಗ್ಗಬಹುದು, ಜಗಳವಾಡಬಹುದು; ಸುಮ್ಮನೆ ಕೂತ ಕಲ್ಲಿನ ಹತ್ತಿರ ಜಗಳವಾಡುವುದು ಹೇಗೆ? ಇದನ್ನು ನಾನು ಪಾಠದಲ್ಲೂ ಹೇಳುತ್ತಿದ್ದೆ, ನಾಗರಿಕತೆಯ ಲಕ್ಷಣ ಎಂದು.

ಮನೆಯೊಳಗಿನ ಕಥೆ ಬೇರೆ. ಅಂಗಡಿಯಿಂದ ಬಂದ ಪ್ರತಿಯೊಂದಕ್ಕೂ ನನ್ನ ಹೆಂಡತಿ ಗಿರಿಜೆ ಸ್ನಾನ ಮಾಡಿಸುತ್ತಿದ್ದಳು. ಹಾಲಿನ ಪ್ಯಾಕೆಟ್ಟಿಗೆ ಸೋಪು, ಟೊಮೆಟೊಗೆ ಅರಿಸಿನ-ಉಪ್ಪಿನ ನೀರು, ನನಗೆ ಎರಡೂ. ಒಂದು ದಿನ ಬೆಲ್ಲದ ಅಚ್ಚನ್ನು ತೊಳೆಯಲು ಹೋಗಿ ಅರ್ಧ ಬೆಲ್ಲ ಮೋರಿಗೆ ಹೋಯಿತು. ನಾನೇನು ಕಡಿಮೆ? ಮುಂದೆ ಸಿಗುತ್ತದೋ ಇಲ್ಲವೋ ಎಂದು ಹನ್ನೆರಡು ಕೆಜಿ ರವೆ ತಂದಿಟ್ಟೆ. ಹುಳು ಬೀಳುವುದರೊಳಗೆ ಮುಗಿಸಬೇಕೆಂದು ಉಪ್ಪಿಟ್ಟು ತಿಂದು ತಿಂದು, ಕೊನೆಗೆ ಆ ಮಾತೆತ್ತಿದರೇ ಜಗಳವಾಗುತ್ತಿತ್ತು. ಅಜ್ಜಿಯ ಮಡಿಯನ್ನು ನೋಡಿ ನಕ್ಕವನು ನಾನು. ಅಜ್ಜಿ ಇದ್ದಿದ್ದರೆ ಈಗ ನಗುವ ಸರದಿ ಅವಳದು.

ಎಲ್ಲ ಸಿಕ್ಕರೂ ಕಾಫಿಪುಡಿ ಸಿಗುತ್ತಿರಲಿಲ್ಲ. ನಮಗೆ ಪುಡಿ ಕಡೂರಿನಿಂದ ಬಸ್ಸಿನಲ್ಲಿ ಬರಬೇಕು, ಬಸ್ಸೇ ಇರಲಿಲ್ಲ. ಒಂದು ದಿನ ತರಕಾರಿ ಗಾಡಿಯಲ್ಲಿ ಐದು ಪೊಟ್ಟಣ ಬಂದಿವೆ, ಮನೆಗೆ ಒಂದೇ, ಎಂದು ಸುದ್ದಿಯಾಯಿತು. ನನ್ನ ಚೀಲ ಒಂಬತ್ತನೆಯ ವೃತ್ತದಲ್ಲಿತ್ತು. ಐದನೆಯದರಲ್ಲಿ, ರೈಲ್ವೆಯಿಂದ ನಿವೃತ್ತರಾದ ಹಾಲಪ್ಪನವರ ಚೀಲ. ನನ್ನಂತೆಯೇ ಕಾಫಿ ಇಲ್ಲದಿದ್ದರೆ ಬೆಳಗಾಗದ ಮನುಷ್ಯ. ಎರಡೂ ನನ್ನ ಮಗಳ ಮದುವೆಯಲ್ಲಿ ತಾಂಬೂಲಕ್ಕೆ ಹಂಚಿದ ಚೀಲಗಳು, ಅದೇ ಹಳದಿ ಬಣ್ಣ, ಅದೇ ವಧೂವರರ ಹೆಸರು. ಗುರುತಿಗೆಂದು ಹಾಲಪ್ಪನವರು ಹಿಡಿಗೆ ಕೆಂಪು ದಾರ ಕಟ್ಟಿದ್ದರು, ಅಷ್ಟೇ ವ್ಯತ್ಯಾಸ.

ಮರದಡಿ ಮಾತು ಜೋರಾಗಿದ್ದಾಗ ಮಾಸ್ಕನ್ನು ಮೂಗಿನ ಮೇಲಕ್ಕೆ ಏರಿಸಿ, ಚೀಲ ಸರಿಮಾಡುವವನಂತೆ ಹೋಗಿ, ಎರಡನ್ನೂ ಅದಲುಬದಲು ಮಾಡಿ ಬಂದೆ.

ಸರದಿ ಬಂತು. ಹಾಲಪ್ಪನವರು ಐದನೆಯ ವೃತ್ತದ ಬಳಿ ಬಗ್ಗಿ ಹಿಡಿ ನೋಡಿದರು. ದಾರ ಇಲ್ಲ. ಸಾಲಿನುದ್ದಕ್ಕೂ ಕಣ್ಣಾಡಿಸಿ, ಹಿಂದಕ್ಕೆ ನಡೆದು ಒಂಬತ್ತನೆಯದರಲ್ಲಿ ನಿಂತರು. ಕೊನೆಯ ಪೊಟ್ಟಣ ನನಗೆ ಸಿಕ್ಕಿತು. “ಪುಡಿ ಆಗೋಯ್ತು ಹಾಲಪ್ಪಣ್ಣ” ಎಂದು ಶಿವಣ್ಣ ಹೇಳಿದ್ದು ಬೆನ್ನ ಹಿಂದೆ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಡಬ್ಬದಲ್ಲಿ ಇನ್ನೂ ಎರಡು ದಿನಕ್ಕಾಗುವಷ್ಟು ಹಳೆಯ ಪುಡಿ ಇತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಹೊಸ ಪೊಟ್ಟಣ ಒಡೆಯಬೇಕಾಗಿದ್ದ ಬೆಳಿಗ್ಗೆಯೇ ಆಂಬುಲೆನ್ಸ್ ಬಂದು ಹಾಲಪ್ಪನವರನ್ನು ತರೀಕೆರೆಗೆ ಕರೆದೊಯ್ದಿತು. ಅವರಿಗೆ ಉಸಿರಾಟ ಕಷ್ಟವಾಗಿತ್ತಂತೆ.

“ಇವತ್ತು ಕಾಫಿ ಬೇಡ ಕಣೇ, ಕಷಾಯ ಕೊಡು” ಎಂದೆ. ಗಿರಿಜೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಪೊಟ್ಟಣ ಕಪಾಟಿನಲ್ಲಿ ಹಾಗೇ ಕೂತಿತು. ಆ ಮನುಷ್ಯ ವಾಪಸ್ಸು ಬರದಿದ್ದರೆ ಇದನ್ನು ಏನು ಮಾಡಲಿ? ಕುಡಿಯುವಂತಿಲ್ಲ, ಬಿಸಾಡುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ರೋಗಕ್ಕೆ ಅಷ್ಟೇನೂ ಹೆದರದಿದ್ದ ನಾನು ಆ ಕಾಲು ಕೆಜಿ ಪುಡಿಗೆ ನಿಜವಾಗಿ ಹೆದರಿದೆ. ಬೆಳಿಗ್ಗೆ ಎದ್ದರೆ ಮೊದಲು ಅವರ ಮನೆ ಬಾಗಿಲು ನೋಡುತ್ತಿದ್ದೆ.

ಇಪ್ಪತ್ತು ದಿನದ ಮೇಲೆ ಬಂದರು, ಅರ್ಧ ಇಳಿದುಹೋಗಿದ್ದರು. ವಾರ ಬಿಟ್ಟು ಪೊಟ್ಟಣ ಒಯ್ದು ಅವರ ಕಾಂಪೌಂಡ್ ಗೋಡೆಯ ಮೇಲಿಟ್ಟೆ.

“ಏನ್ ಮೇಷ್ಟ್ರೇ ಇದು?”

“ಕಾಫಿಪುಡಿ. ಅವತ್ತಿಂದು” ಎಂದೆ.

ಅವರು ಪೊಟ್ಟಣವನ್ನು ತಿರುಗಿಸಿ ನೋಡಿದರು. ಹೆಂಡತಿಯನ್ನು ಕರೆದು ಕಾಫಿ ಮಾಡಿಸಿದರು. ಅವರು ಜಗಲಿಯ ಮೇಲೆ, ನಾನು ಗೇಟಿನಾಚೆ, ಇಬ್ಬರಿಗೂ ಒಂದೊಂದು ಲೋಟ. ಲೋಟವನ್ನು ಮೂಗಿನ ಹತ್ತಿರ ಹಿಡಿದು ತಲೆಯಾಡಿಸಿದರು.

“ನಂಗೆ ವಾಸ್ನೇನೇ ಗೊತ್ತಾಗ್ತಿಲ್ಲ ಕಣ್ರೀ. ನೀವೇ ಕುಡ್ದು ಹೇಳಿ, ಹೆಂಗೈತೆ?”

ಕುಡಿದೆ. ಗಿರಿಜೆ ಸ್ನಾನ ಮಾಡಿಸಿದ್ದಾಗ ಪೊಟ್ಟಣದೊಳಗೆ ಸೋಪಿನ ನೀರು ಇಳಿದಿತ್ತು. ಕಾಫಿಯ ಘಮ ಹೋಗಿ ಬಚ್ಚಲುಮನೆಯ ಘಮ ಉಳಿದಿತ್ತು.

“ಫಸ್ಟ್ ಕ್ಲಾಸಾಗಿದೆ” ಎಂದೆ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿಯ ಕೂಗು ಬಂತು: “ಅಯ್ಯೋ, ಇದೇನ್ರೀ ಸೋಪಿನ್ ನೀರು! ಉಗೀರಿ, ಉಗೀರಿ!”

ಹಾಲಪ್ಪನವರು ಕೆಮ್ಮು ಬರುವಷ್ಟು ನಕ್ಕರು. “ಅಲ್ಲ ಮೇಷ್ಟ್ರೇ, ಕದ್ದ್ಮೇಲೆ ಅವತ್ತೇ ಕುಡೀಬಾರ್ದಾ? ಇಷ್ಟ್ ದಿನ ಇಟ್ಕಂಡು ನಮ್ಮಿಬ್ರಿಗೂ ಇಲ್ದಂಗೆ ಮಾಡಿದ್ರಲ್ಲ!”

“ನಿಮಗೆ ಗೊತ್ತಿತ್ತಾ?”

“ಮರದಡಿ ಇದ್ದೋರ್ಗೆಲ್ಲ ಗೊತ್ತು. ಹದಿನೈದು ಜನದಾಗೆ ಮಾಸ್ಕ್ ನೆಟ್ಟಗೆ ಹಾಕ್ಕಂಡೋರು ನೀವೊಬ್ರೇ. ಇದೇನಪ್ಪಾ ಅಂತ ಎಲ್ರೂ ನಿಮ್ಮನ್ನೇ ನೋಡ್ತಾ ಇದ್ವಿ.”

ಸುಣ್ಣದ ವೃತ್ತಗಳು ಮಳೆಗೆ ಅಳಿಸಿ ವರ್ಷಗಳಾದವು. ಶಿವಣ್ಣನ ಅಂಗಡಿಯ ಮುಂದೆ ಈಗ ಮೊದಲಿನಂತೆಯೇ ನೂಕುನುಗ್ಗಲು. ಹಾಲಪ್ಪನವರು ಹಿಂದೆ ಕಂಡರೆ ನಾನು ಮಾತ್ರ ಪಕ್ಕಕ್ಕೆ ಸರಿದು ಅವರನ್ನು ಮುಂದಕ್ಕೆ ಬಿಡುತ್ತೇನೆ. ಅವರು ಎರಡು ಪೊಟ್ಟಣ ಕಾಫಿಪುಡಿ ಕೊಂಡು, ಒಂದನ್ನು ನನ್ನ ಚೀಲಕ್ಕೆ ಹಾಕಿ, “ತೊಳೀಬೇಡಿ” ಎನ್ನುತ್ತಾರೆ.