ಫಕ್ಕೀರಪ್ಪ ಬುಟ್ಟಿಯಲ್ಲಿ ಉಳಿಸುತ್ತಿದ್ದ ಒಂದು ಹಿಡಿ

2004ರಲ್ಲಿ ನಾನು ಬ್ಯಾಡಗಿ ಊರ ಹೊರಗಿನ ಒಂದು ವಸತಿ ಕೇಂದ್ರದಲ್ಲಿ ವೃತ್ತಿ ತರಬೇತುದಾರಳಾಗಿದ್ದೆ. ಜನ ಬುದ್ಧಿಮಾಂದ್ಯರೆಂದು ಕರೆಯುವ, ವಯಸ್ಸಿಗೆ ಬಂದ ಗಂಡಸರು ಹೆಂಗಸರು ಅಲ್ಲಿ ಇರುತ್ತಿದ್ದರು. ಕೇಂದ್ರದ ಹಿಂದಿನ ತಗಡಿನ ಶೆಡ್ಡಿನಲ್ಲಿ ನಮ್ಮ ‘ಶೆಲ್ಟರ್ಡ್ ವರ್ಕ್‌ಶಾಪ್’. ಹೊರಗಿನ ಧಾವಂತಕ್ಕೆ ಹೊಂದಿಕೊಳ್ಳಲಾಗದವರಿಗೆ ಅವರವರ ವೇಗದಲ್ಲಿ ನಿಜವಾದ ಕೆಲಸ, ನಿಜವಾದ ಕೂಲಿ ಕೊಡುವ ಜಾಗ ಅದು. ಬ್ಯಾಡಗಿಯಲ್ಲಿ ಕೆಲಸ ಅಂದರೆ ಇನ್ನೇನು, ಮೆಣಸಿನಕಾಯಿ. ಪೇಟೆಯ ದಲಾಲಿ ಅಂಗಡಿಯೊಂದರಿಂದ ಚೀಲಗಳು ಬರುತ್ತಿದ್ದವು. ತೊಟ್ಟು ಮುರಿದು, ಬಿಳಿಚಿದ ಕಾಯಿ ಬೇರೆ ಮಾಡಿ ಮರಳಿಸುತ್ತಿದ್ದೆವು. ಮೊದಲ ವಾರ ನನ್ನ ಸೀನು ನಿಲ್ಲಲಿಲ್ಲ. ಆಮೇಲೆ ಮೂಗೇ ಸೋತು ಸುಮ್ಮನಾಯಿತು.

ಆ ಚಳಿಗಾಲದಲ್ಲಿ ಫಕ್ಕೀರಪ್ಪ ಬಂದ. ಮೂವತ್ತು ದಾಟಿದ್ದ ಗಟ್ಟಿಮುಟ್ಟಾದ ಆಳು, ಮಾತು ಬಲು ಕಡಿಮೆ. ಅವನ ಅಣ್ಣ ಬಸವರಾಜನದು ರಾಣೇಬೆನ್ನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ತಮ್ಮ ಒಬ್ಬನೇ ಹೈವೇ ಕಡೆ ನಡೆದುಬಿಡುತ್ತಾನೆಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡಿ ಹಾಕಿ, ಕೊನೆಗೆ ಮನಸ್ಸು ತಡೆಯದೆ ನಮ್ಮಲ್ಲಿ ತಂದು ಬಿಟ್ಟಿದ್ದ.

ನಮ್ಮ ಕಸುಬಿನಲ್ಲಿ ‘ಟಾಸ್ಕ್ ಅನಾಲಿಸಿಸ್’ ಎಂಬುದೊಂದಿದೆ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಒಂದೊಂದನ್ನೇ ಕಲಿಸುವುದು. ಕಾಯಿ ಹಿಡಿ, ತೊಟ್ಟು ಮುರಿ, ಪಕ್ಕದ ಡಬ್ಬಿಗೆ ಹಾಕು. ಕೊನೆಯ ಹೆಜ್ಜೆ, ಬುಟ್ಟಿ ಖಾಲಿ ಮಾಡಿ ತೋರಿಸು. ಖಾಲಿ ಬುಟ್ಟಿ ನೋಡಿದ ಮೇಲೆಯೇ ನಾವು ಮುಂದಿನ ಬುಟ್ಟಿ ಕೊಡುತ್ತಿದ್ದದ್ದು. ಕೆಲಸ ಮುಗಿದದ್ದು ಮಾಡಿದವನ ಕಣ್ಣಿಗೆ ಕಾಣಬೇಕೆಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು.

ಫಕ್ಕೀರಪ್ಪ ಎಲ್ಲ ಹೆಜ್ಜೆಗಳನ್ನೂ ಬೇಗ ಕಲಿತ, ಕೊನೆಯದನ್ನು ಬಿಟ್ಟು. ಬುಟ್ಟಿಯ ತಳದಲ್ಲಿ ಒಂದು ಹಿಡಿ ಕಾಯಿ ಉಳಿದವೋ, ಕೈ ನಿಂತಿತು. ರಮಿಸಿದರೂ ಇಲ್ಲ, ಗದರಿದರೂ ಇಲ್ಲ. ಎರಡೂ ತೋಳುಗಳಲ್ಲಿ ಬುಟ್ಟಿಯನ್ನು ಬಳಸಿ ಕೂತುಬಿಡುತ್ತಿದ್ದ. ಒಂದು ದಿನ ಸಹಾಯಕಿ ರೇಣವ್ವ ಬೇಸತ್ತು ಬುಟ್ಟಿ ಕಸಿದು ಬೋರಲು ಹಾಕಿದಳು. ಅವನು ಚೀರಿ ಅವಳನ್ನು ನೂಕಿದ. ರೇಣವ್ವ ಮೆಣಸಿನಕಾಯಿ ರಾಶಿಯ ಮೇಲೆ ಬಿದ್ದಳು. ಕಣ್ಣಿಗೆ ಘಾಟು ಹೊಕ್ಕು ದಿನವಿಡೀ ಒದ್ದಾಡಿದಳು.

ಸೂಪರಿಂಟೆಂಡೆಂಟರು ನನ್ನನ್ನು ಕರೆಸಿದರು.

“ಮಂದಿ ಮ್ಯಾಲೆ ಕೈ ಮಾಡಾಂವನ್ನ ಇಲ್ಲಿ ಇಟ್ಕೊಳ್ಳಾಕ ಆಗೂದಿಲ್ರಿ ಅಕ್ಕೋರ. ಬರೂ ರವಿವಾರ ಅವರಣ್ಣ ಬಂದು ಕರ್ಕೊಂಡು ಹೋಗ್ಲಿ.”

“ಅಲ್ಲೀತನಕ ಯಾಕ ಹಂಗ ಮಾಡ್ತಾನ ಅಂತ ನೋಡ್ತೇನ್ರಿ ಸರ್.”

“ಯಾಕ ಅಂದ್ರ ಹಠ. ಅದರಾಗ ನೋಡೂದೇನೈತಿ?”

ಊರ ಉಸಾಬರಿ ನಿನಗ್ಯಾಕೆ ಎಂದು ಮನೆಯಲ್ಲಿ ಬೈಸಿಕೊಂಡವಳು ನಾನು. ಹಠ ಎಂಬ ಉತ್ತರ ನನಗೆ ರುಚಿಸಲಿಲ್ಲ. ಹಠಕ್ಕೂ ಒಂದು ಕಾರಣ ಬೇಡವೇ? ತಲೆಯಲ್ಲಿ ಹುಳ ಹೊಕ್ಕಂತಾಯಿತು. ಕಾಯಿಯ ಘಾಟಿಗೆ ಬೇಸರವೇನೋ ಎಂದು ಶೇಂಗಾ ಸುಲಿಯಲು ಕೊಟ್ಟೆ. ಅದರಲ್ಲೂ ಒಂದು ಹಿಡಿ ಉಳಿಯಿತು. ದಣಿವಿರಬಹುದೆಂದು ಅರ್ಧ ಬುಟ್ಟಿಯನ್ನಷ್ಟೇ ಕೊಟ್ಟೆ. ಆಗಲೂ ಅದೇ ಕತೆ. ಎಲ್ಲದರಲ್ಲೂ ಉಳಿಸುವ ಚಾಳಿಯೋ ಎಂದು ಊಟಕ್ಕೆ ಕೂತಾಗ ಕದ್ದು ನೋಡಿದೆ. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ, ಸಾರು ಹತ್ತಿದ ಬೆರಳೂ ನೆಕ್ಕಿದ. ಬುಟ್ಟಿ ಮಾತ್ರ ಬರಿದಾಗಬಾರದು! ವಾರ ಮುಗಿಯುತ್ತ ಬಂತು, ನನಗೇನೂ ಹೊಳೆಯಲಿಲ್ಲ. ಅಣ್ಣನ ಅಂಗಡಿಯ ಹಿಂದಿನ ಆ ಕೋಣೆಗೆ ಮತ್ತೆ ಕೀಲಿ ಬೀಳುತ್ತದಲ್ಲ ಎಂಬುದೇ ಯೋಚನೆ.

ರವಿವಾರ ಬಸವರಾಜ ಬಂದ. ಮುಖ ಸಪ್ಪಗಿತ್ತು.

“ಮನ್ಯಾಗ ಇವನ್ನ ನೋಡ್ಕೊಳ್ಳಾವ್ರು ಯಾರದಾರ್ರಿ? ಮತ್ತ ಆ ಖೋಲ್ಯಾಗ ಇಡೂದ ಆತು,” ಎಂದ.

ಅವನ ತಮ್ಮನ ಬಟ್ಟೆಯ ಗಂಟು ಬಾಗಿಲಲ್ಲೇ ಸಿದ್ಧವಿತ್ತು. ನನಗೆ ತೋಚಿದ್ದು ಒಂದೇ. “ತಮ್ಮ ಕೆಲಸ ಮಾಡೂದನ್ನ ನೀವು ನೋಡೇ ಇಲ್ಲ. ಒಮ್ಮೆ ನೋಡ್ರಿ, ಆಮ್ಯಾಲೆ ಕರ್ಕೊಂಡು ಹೋಗೀರಂತ,” ಎಂದೆ.

ರಜೆಯ ದಿನವಾದರೂ ಶೆಡ್ಡು ತೆರೆಸಿ ಫಕ್ಕೀರಪ್ಪನ ಮುಂದೆ ಬುಟ್ಟಿ ಇಟ್ಟೆ. ಸೂಪರಿಂಟೆಂಡೆಂಟರೂ ಬಂದು ನಿಂತರು. ತೊಟ್ಟು ಚಟಚಟ ಮುರಿಯತೊಡಗಿದವು. ಬಸವರಾಜ ಬಾಯಿ ತೆರೆದುಕೊಂಡು ನೋಡಿದ. ತಮ್ಮನ ಕೈಗೆ ಇಷ್ಟು ಚುರುಕಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಕೊನೆಗೆ ತಳದಲ್ಲಿ ಒಂದು ಹಿಡಿ ಉಳಿಯಿತು. ಕೈ ನಿಂತಿತು. ತೋಳುಗಳು ಬುಟ್ಟಿಯನ್ನು ಬಳಸಿದವು.

“ನೋಡ್ರಿ, ಇದ ಅವನ ಹಠ,” ಎಂದರು ಸೂಪರಿಂಟೆಂಡೆಂಟರು.

ಬಸವರಾಜ ಬಗ್ಗಿ ಬುಟ್ಟಿಯೊಳಗೆ ನೋಡಿದ. ಮತ್ತೆ ನೋಡಿದ. ಆಮೇಲೆ ಮೆಲ್ಲಗೆ ಕಾಲಿನ ಚಪ್ಪಲಿ ಕಳಚಿ ಹಿಂದೆ ಸರಿಸಿದ. ನನಗೆ ಏನೊಂದೂ ಅರ್ಥವಾಗಲಿಲ್ಲ.

“ಇದು ಹಠ ಅಲ್ರೀ,” ಎಂದ. “ಕಣದಾಗ ಯಾರೂ ಚಪ್ಪಲಿ ಮೆಟ್ಟೂದಿಲ್ಲ. ಅಲ್ಲಿ ರಾಶಿ ಮಾಡೂ ಮುಂದ ನಮ್ಮವ್ವ ಕಾಳಿನ ಬುಟ್ಟಿ ಎಂದೂ ಬರಿದು ಮಾಡ್ತಿದ್ದಿಲ್ಲ. ತಳದಾಗ ಒಂದು ಹಿಡಿ ಬಿಡ್ತಿದ್ಲು. ಬರಿದಾದ್ರ ಹುಲುಸು ಹೋಗ್ತೈತಿ, ಮುಂದಿನ ಸುಗ್ಗಿ ಹಿಂದಕ್ಕ ಸರೀತೈತಿ ಅಂತಿದ್ಲು. ಇವನ್ನ ಬುಟ್ಟಿ ಮುಂದ ಕುಂದ್ರಿಸಿ, ‘ಫಕ್ಕೀರಾ, ಯಾರಿಗೂ ಮುಟ್ಟಗೊಡಬ್ಯಾಡ, ಇದು ನಿನ್ನ ಕೆಲಸ’ ಅಂತ ಹೇಳ್ತಿದ್ಲು. ಅವ್ವ ಹೋದ್ಲು, ಹೊಲ ಬ್ಯಾರೇದವ್ರಿಗೆ ಲಾವಣಿಗೆ ಕೊಟ್ವಿ, ರಾಶಿಗೆ ಮಷಿನ್ ಬಂತು. ನಮಗೆಲ್ಲ ಮರೆತೇ ಹೋಗಿತ್ರಿ.”

ನಾನು ಮೂಲೆಯ ಚೀಲದಿಂದ ಮೊರದ ತುಂಬ ಹೊಸ ಕಾಯಿ ತೆಗೆದು, ಉಳಿದ ಹಿಡಿಯ ಮೇಲೆಯೇ ಸುರಿದೆ. ಫಕ್ಕೀರಪ್ಪ ನನ್ನ ಮುಖ ನೋಡಿದ, ಬುಟ್ಟಿ ನೋಡಿದ. ತೋಳು ಸಡಿಲಿಸಿ ಕೆಲಸಕ್ಕೆ ಶುರುವಿಟ್ಟ.

“ಇಷ್ಟ ಏನ್ರಿ?” ಎಂದರು ಸೂಪರಿಂಟೆಂಡೆಂಟರು.

ಇಷ್ಟೇ ಆಗಿತ್ತು. “ಇರ್ಲಿ ಬಿಡ್ರಿ ಹಂಗಾರ,” ಎಂದು ಅವರು ಹೊರನಡೆದರು. ಬಸವರಾಜ ಬಟ್ಟೆಯ ಗಂಟನ್ನು ತಾನೇ ಎತ್ತಿಕೊಂಡು ಹೋಗಿ ತಮ್ಮನ ಹಾಸಿಗೆಯ ಮೇಲಿಟ್ಟು ಬಂದ. ಅಂದಿನಿಂದ ಫಕ್ಕೀರಪ್ಪನ ಬುಟ್ಟಿ ಖಾಲಿಯಾಗುವ ಮೊದಲೇ ಮತ್ತೆ ತುಂಬಿಸುವುದು ನಮ್ಮ ರೂಢಿಯಾಯಿತು. ರೇಣವ್ವನೂ ಮುನಿಸು ಬಿಟ್ಟಳು. ಸುಗ್ಗಿಯ ಕೊನೆಯ ಚೀಲದ ದಿನ ಉಳಿದ ಹಿಡಿ ಕಾಯಿಯನ್ನು ಬುಟ್ಟಿ ಸಮೇತ ಅಟ್ಟದ ಮೇಲಿಟ್ಟೆವು.

ಫಕ್ಕೀರಪ್ಪನಿಗೆ ಬದುಕಿನ ಮೊದಲ ಕೆಲಸ ಕೊಟ್ಟವಳು ನಾನೇ ಎಂದುಕೊಂಡಿದ್ದೆ. ಅವನು ತಾಯಿ ಒಪ್ಪಿಸಿದ ಕೆಲಸದಲ್ಲಿ ಆಗಲೇ ಇದ್ದ, ಒಪ್ಪಿಸಿದವಳು ಹೋದ ಮೇಲೂ ಬಿಟ್ಟಿರಲಿಲ್ಲ. ಆಮೇಲೆ ನಿವೃತ್ತಿಯವರೆಗೂ, ಹೊಸಬರು ಯಾರೇ ಬರಲಿ, ಮನೆಯವರನ್ನು ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಇವರು ಮನ್ಯಾಗ ಏನು ಕೆಲಸ ಮಾಡ್ತಿದ್ರು?” ಹೆಚ್ಚಿನವರು ಮುಖ ಮುಖ ನೋಡಿಕೊಂಡು, “ಏನೂ ಇಲ್ರಿ,” ಎನ್ನುತ್ತಿದ್ದರು. ನಾನು ಅವರಿಗೆ ಚಹಾ ತರಿಸಿ, ಇನ್ನೊಮ್ಮೆ ಕೇಳುತ್ತಿದ್ದೆ.