ಮರಿಯಾಮ ಇದ್ದ ಕೋಣೆ

ಪಕ್ಕದ ಫ್ಲ್ಯಾಟಿನವರು ಹೊಸ ಕರೆಗಂಟೆ ಹಾಕಿಸಿದ್ದಾರೆ. ಗುಂಡಿ ಒತ್ತಿದರೆ ಹಕ್ಕಿ ಕೂಗುತ್ತದೆ. ಮೊನ್ನೆ ಮಧ್ಯಾಹ್ನ ದುಬೈಯ ಅಲ್ ಕುಸೈಸ್‌ನ ನಮ್ಮ ಅಡುಗೆಮನೆಯಲ್ಲಿ ಕಾಯಿ ರುಬ್ಬುತ್ತಿದ್ದೆ. ಗೋಡೆಯಾಚೆ ಆ ಹಕ್ಕಿ ಕೂಗಿತು. ನನ್ನ ಕೈ ತಾನಾಗಿಯೇ ಹೋಗಿ ಮಿಕ್ಸಿ ನಿಲ್ಲಿಸಿತು. ಮಗಳು ಪುಸ್ತಕದಿಂದ ತಲೆಯೆತ್ತಿ, "ವಾಟ್ ಹ್ಯಾಪನ್ಡ್, ಅಮ್ಮ?" ಎಂದಳು. ಏನಿಲ್ಲ ಎಂದೆ. ನಾನು ಅವಳಷ್ಟು ಇದ್ದಾಗ ಇಂಥದೇ ಒಂದು ಪ್ಲಾಸ್ಟಿಕ್ ಹಕ್ಕಿ ನಮ್ಮ ಮನೆಯವರನ್ನೆಲ್ಲ ನಡುಗಿಸುತ್ತಿತ್ತೆಂದು ಹೇಳಿದರೆ ಅವಳು ನಗುತ್ತಾಳೆ. ನೀವು ನಗಲಾರಿರಿ. ಬಾಡಿಗೆಯ ಗೋಡೆಗಳ ನಡುವೆ ಬೆಳೆದವರಿಗೆ, ಬಾಗಿಲ ಸದ್ದಿಗೆ ಅಪ್ಪನ ಮುಖ ಹೇಗೆ ಬಿಳಿಚಿಕೊಳ್ಳುತ್ತಿತ್ತೆಂಬುದು ಗೊತ್ತಿರುತ್ತದೆ.

ಆಗ ನಾವು ಅಬುಧಾಬಿಯ ಖಾಲಿದಿಯಾದಲ್ಲಿದ್ದೆವು. ಅಪ್ಪನಿಗೆ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ. ಇಸ್ತ್ರಿಯ ಹಬೆಗೆ ಅವರ ಮುಂಗೈಯ ರೋಮವೆಲ್ಲ ಉದುರಿಹೋಗಿತ್ತು. ಅಪ್ಪ ಅಮ್ಮ ತಮ್ಮತಮ್ಮಲ್ಲಿ ತುಳು ಮಾತಾಡುತ್ತಿದ್ದರು, ನನ್ನ ಹತ್ತಿರ ಮಾತ್ರ ಹಟಹಿಡಿದು ಕನ್ನಡ. ಫ್ಲ್ಯಾಟಿನ ಒಳಕೋಣೆಯನ್ನು ಬೇರೆಯವರಿಗೆ ಕೊಟ್ಟರಷ್ಟೇ ಬಾಡಿಗೆ ಕಟ್ಟಲು ಸಾಧ್ಯವಿತ್ತು, ಹಾಗೆ ಕೊಡಲು ಅನುಮತಿಯಿರಲಿಲ್ಲ. ಎಲ್ಲರೂ ಕೊಡುತ್ತಿದ್ದರು, ಎಲ್ಲರೂ ಹೆದರುತ್ತಿದ್ದರು. ಆ ಕೋಣೆಗೆ ಮರಿಯಾಮ ಬಂದಳು. ಎತ್ತರದ ಹೆಂಗಸು, ತಲೆಗೆ ಕಡುನೀಲಿ ಬಟ್ಟೆ, ಹೆಗಲಿಗೆ ಕ್ಯಾಮೆರಾದ ಚೀಲ. ಆಫ್ರಿಕಾದ ಪಶ್ಚಿಮದ ಒಂದು ದೇಶದವಳು. ಯಾವ ದೇಶವೆಂದು ನಾನು ಬರೆಯುವುದಿಲ್ಲ. ಮರಿಯಾಮ ಎನ್ನುವುದೂ ಅವಳ ಹೆಸರಲ್ಲ. ಅವಳ ತಂಗಿಯರು ಇನ್ನೂ ಅಲ್ಲಿದ್ದಾರೆ. ಇಷ್ಟು ವರ್ಷ ಕಳೆದರೂ ಹೆದರಿಕೆ ಹೋಗಿಲ್ಲ, ಏನು ಮಾಡಲಿ.

ಅಮ್ಮನಿಗೂ ಅವಳಿಗೂ ಗೆಳೆತನ ಮಾಡಿಸಿದ್ದು ಒಣಮೀನು. ಅಮ್ಮ ಹಂಚಿನ ಮೇಲೆ ಒಣ ಬಂಗುಡೆ ಸುಡುತ್ತಿದ್ದಾಗ, ವಾಸನೆಗೆ ಅವಳು ಎಲ್ಲಿ ಬೈಯುತ್ತಾಳೋ ಎಂದು ಕಿಟಕಿ ತೆರೆಯಲು ಓಡಿದ್ದಳು. ಮರಿಯಾಮ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದಳು. ಅವಳ ಊರಿನ ಸಾರಿಗೂ ಒಣಮೀನೇ ಜೀವವಂತೆ. ಅಂದಿನಿಂದ ಅಮ್ಮ, "ಟುಡೇ ಡ್ರೈ ಫಿಶ್, ಯೂ ಈಟ್" ಎಂದು ತಟ್ಟೆ ಮುಂದೆ ತಳ್ಳುವುದು, ಅವಳು ಅಮ್ಮನನ್ನು "ಮಮ್ಮಾ" ಎನ್ನುವುದು ರೂಢಿಯಾಯಿತು. ವಯಸ್ಸಿನಲ್ಲಿ ಮರಿಯಾಮಳೇ ದೊಡ್ಡವಳು. ಅಮ್ಮನಿಗೆ ಇದರಿಂದ ಒಳಗೊಳಗೇ ಸಿಟ್ಟಿತ್ತು, ಬಿಟ್ಟುಕೊಡಲೂ ಮನಸ್ಸಿರಲಿಲ್ಲ.

ಸಂಜೆ ಅಮ್ಮ ನನಗೆ ಜಡೆ ಹಾಕುವಾಗ ಮರಿಯಾಮ ತಾನು ಬರೆಯುತ್ತಿದ್ದ ಕಾದಂಬರಿಯ ಕತೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅದರಲ್ಲಿ ಒಬ್ಬ ಮುದುಕಿ, ಊರು ಬಿಟ್ಟು ಹೋದವರ ಹೆಸರು ಮರೆತುಹೋಗಬಾರದೆಂದು ದಿನವೂ ಬಾವಿಯೊಳಗೆ ಬಗ್ಗಿ ಒಬ್ಬೊಬ್ಬರನ್ನೇ ಕೂಗುತ್ತಾಳೆ. ಮರಿಯಾಮ ಸಿನಿಮಾವನ್ನೂ ತೆಗೆಯುತ್ತಿದ್ದಳು; ಮೊದಲು ತೆಗೆದದ್ದು ಬಟ್ಟೆಯನ್ನು ನೀಲಿಯಲ್ಲಿ ಅದ್ದುವ ಹೆಂಗಸರದು. ಅವಳ ತಾಯಿ, ಚಿಕ್ಕಮ್ಮ ಎಲ್ಲರೂ ಮೊಣಕೈವರೆಗೆ ನೀಲಿಯಾದವರು. ಗಣಿ ತೋಡಲೆಂದು ಸಿಪಾಯಿಗಳು ಅವರನ್ನು ಹೊಳೆದಂಡೆಯಿಂದ ಎಬ್ಬಿಸಲು ಬಂದಾಗ ಹೆಂಗಸರು ಏಳಲಿಲ್ಲ. ಅವಳು ಅದನ್ನು ಚಿತ್ರಿಸಿದಳು. ಹೊರದೇಶದಲ್ಲಿ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವಳ ಊರಿನಲ್ಲಿ ಸಿಪಾಯಿಗಳು ಅದೇ ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಮುಖ ಗುರುತು ಹಿಡಿದು, ಚಿಕ್ಕಮ್ಮನನ್ನು ಎಳೆದೊಯ್ದರು. ಆಮೇಲೆ ಅವಳು ಮನುಷ್ಯರ ಮುಖ ತೆಗೆಯಲಿಲ್ಲ. ಕೈಗಳನ್ನಷ್ಟೇ ತೆಗೆಯುತ್ತಿದ್ದಳು. ಅಮ್ಮ ಕಾಯಿ ತುರಿಯುವ ಕೈ, ಅಪ್ಪನ ರೋಮವಿಲ್ಲದ ಕೈ, ಬಳಪ ಹಿಡಿದ ನನ್ನ ಕೈ. ತೆಗೆಯುವ ಮೊದಲು ಬಹಳ ಹೊತ್ತು ಸುಮ್ಮನೆ ಕೂತು ಆ ಕೆಲಸದ ಸದ್ದು ಕೇಳುತ್ತಿದ್ದಳು. "ಎಂತ ಕೇಳುದು ಇವಳು, ತೆಂಗಿನಕಾಯಿ ಮಾತಾಡ್ತದಾ?" ಎಂದು ಅಮ್ಮ ಛೇಡಿಸುತ್ತಿದ್ದಳು.

ಅವಳಿಗೆ ಕೆಲಸ ಕೊಟ್ಟಿದ್ದ ಜಾಹೀರಾತಿನ ಕಚೇರಿ ಮುಚ್ಚಿತು. ವೀಸಾ ಕ್ಯಾನ್ಸಲ್ ಆಯಿತು, ಕೊಟ್ಟಿದ್ದ ಗಡುವೂ ಮುಗಿಯಿತು. ಊರಿಗೆ ಹೋದರೆ ವಿಮಾನದ ಮೆಟ್ಟಿಲಲ್ಲೇ ಹಿಡಿಯುತ್ತಾರೆ. ಯುರೋಪಿನ ಯಾವುದೋ ಊರಿನ ಬರಹಗಾರರು ಅವಳಿಗೆ ಆಶ್ರಯ ಕೊಡಲು ಒಪ್ಪಿದ್ದರು; ಆ ಕಾಗದ ಬರುವವರೆಗೆ ಸಿಕ್ಕಿಬೀಳದೆ ಇರಬೇಕಿತ್ತು. ಮೊದಲೇ ಅಂಜುಬುರುಕರಾದ ನಮ್ಮ ಮೇಲೆ ಕಪ್ಪೆ ಎಸೆದ ಹಾಗಾಯಿತು. ಅವಳ ಚಪ್ಪಲಿ ಬಾಗಿಲ ಹೊರಗಿನಿಂದ ಮಂಚದ ಕೆಳಗೆ ಹೋಯಿತು. ಚಪ್ಪಲಿ ಒಳಗೆ ಬಂದದ್ದಕ್ಕೆ ಅಮ್ಮ ದೇವರ ಪಟದ ಮುಂದೆ ತಪ್ಪು ಒಪ್ಪಿಸಿ ಕೈಮುಗಿದಳು. ಕರೆಗಂಟೆಯ ಹಕ್ಕಿ ಕೂಗಿದರೆ ಮಿಕ್ಸಿ, ಟಿವಿ, ಮಾತು ಎಲ್ಲ ನಿಲ್ಲಬೇಕು. ಅಪ್ಪ ಬಾಗಿಲ ಕಿಂಡಿಗೆ ಕಣ್ಣಿಟ್ಟು, ಗಂಟಲಲ್ಲೇ "ಏರ್?", ಯಾರು ಎಂದು ತುಳುವಿನಲ್ಲಿ ಕೇಳುತ್ತಿದ್ದರು, ಹೊರಗಿನವರಿಗೆ ಕೇಳುವಂತಿರಲಿಲ್ಲ. ನೋಡಿದರೆ ನೀರಿನ ಕ್ಯಾನಿನವನು, ಇಸ್ತ್ರಿಯವನು, ಮೇಲಿನ ಮನೆಯ ಮಗು. ಶಾಲೆಯ ಗೆಳತಿಯೊಬ್ಬಳು ನಮ್ಮ ಮನೆಗೆ ಬರುತ್ತೇನೆಂದರೆ ಬೇಡವೆನ್ನಲು ಸುಳ್ಳು ಹುಡುಕುತ್ತಿದ್ದೆ. ಮರಿಯಾಮ ಮಾತ್ರ ಮಂಚದ ತುದಿಯಲ್ಲಿ, ಈಗಲೇ ಬಸ್ಸು ಬರುತ್ತದೆನ್ನುವವಳ ಹಾಗೆ, ಚೀಲ ಮಡಿಲಲ್ಲಿಟ್ಟು ಕೂತಿರುತ್ತಿದ್ದಳು.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಊರಿಗೆ ಹೊರಟವರು ಮೆಟ್ಟಿಲಿಳಿದ ಮೇಲೆ ಅವತ್ತು ಹಿಡಿಸೂಡಿ ಮುಟ್ಟಬಾರದು. "ಹೋದವರ ಬೆನ್ನಿಗೆ ಗುಡಿಸ್ಲಿಕ್ಕಿಲ್ಲ. ಹೆಣ ಎತ್ತಿದ ಮನೆಯಲ್ಲಿ ಮಾತ್ರ ಹಾಗೆ ಗುಡಿಸುದು" ಎನ್ನುತ್ತಿದ್ದಳು ಅಮ್ಮ. ಅಪ್ಪ ರಜೆಗೆ ಊರಿಗೆ ಹೋದ ದಿನ ನಾವು ಮರಳ ಧೂಳು ತುಳಿದುಕೊಂಡೇ ಓಡಾಡುತ್ತಿದ್ದೆವು. ಮರಿಯಾಮ ಹೊರಡುವ ದಿನಕ್ಕೂ ಅಮ್ಮ ಮೊದಲೇ ಹೇಳಿಟ್ಟಿದ್ದಳು, ಆ ಕೋಣೆ ಮೂರು ದಿನ ಹಾಗೇ ಇರಲಿ ಎಂದು.

ಕಾಗದ ಮುಂದಿನ ವಾರ ಬರುತ್ತದೆಂದು ಸುದ್ದಿ ಬಂತು. ಅದೇ ಅವಳಿಗೆ ಧೈರ್ಯ ಕೊಟ್ಟದ್ದು. ಅವಳು ತೆಗೆಯುತ್ತಿದ್ದ, ಊರು ಬಿಟ್ಟವರ ಕೈಗಳ ಸಿನಿಮಾಕ್ಕೆ ಅಲ್ ಮೀನಾದ ಮೀನುಪೇಟೆಯಲ್ಲಿ ಮೀನು ಕತ್ತರಿಸುವವರ ಕೈಗಳು ಬೇಕಿದ್ದವು. ಅವನ್ನು ತೆಗೆಯದೆ ಇಲ್ಲಿಂದ ಹೋದರೆ ಇನ್ನೆಂದೂ ಸಿಕ್ಕುವುದಿಲ್ಲ ಎಂದಳು. ಅಪ್ಪ ಕೆಲಸಕ್ಕೆ ಹೋಗಿದ್ದರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಡೋಂಟ್ ಗೋ. ಪೇಪರ್ ಕಮ್, ದೆನ್ ಗೋ."

"ಬಿಫೋರ್ ಲಂಚ್ ಐ ಕಮ್, ಮಮ್ಮಾ. ಯಲ್ಲಾ, ಐ ಗೋ" ಎಂದು ಮರಿಯಾಮ ಅಮ್ಮನ ಭುಜ ಹಿಡಿದು ಮೆಲ್ಲಗೆ ಸರಿಸಿ ಹೋದಳು.

ಅಮ್ಮ ಬೈಯುತ್ತ ಒಳಗೆ ಬಂದು, ಹೆದರಿಕೆ ತಡೆಯಲಾರದೆ ಕೈಗೆ ಸಿಕ್ಕ ಕೆಲಸ ಹಿಡಿದಳು. ಪಾತ್ರೆ ತೊಳೆದಳು, ಬಟ್ಟೆ ಮಡಚಿದಳು, ಮನೆಯನ್ನೆಲ್ಲ ಗುಡಿಸಿದಳು. ಮೀನುಪೇಟೆಗೆ ಹೋದವರ ಹಿಂದೆ ಗುಡಿಸಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಒಳಕೋಣೆಯ ಮಂಚದ ಕೆಳಗೆ ಹಿಡಿಸೂಡಿ ತೂರಿಸಿದವಳು ಅಲ್ಲಿ ಚಪ್ಪಲಿ ಇಲ್ಲದ್ದನ್ನು ಕಂಡು, ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅಷ್ಟು ಹೊತ್ತಿಗೆ ಕಸ ಬಾಗಿಲವರೆಗೆ ಬಂದಾಗಿತ್ತು.

ಊಟದ ಹೊತ್ತು ದಾಟಿತು. ಫೋನ್ ಸ್ವಿಚ್ ಆಫ್. ಅವಳ ತಟ್ಟೆಯ ಮೇಲೆ ಅಮ್ಮ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಸಂಜೆ ಬಂದ ಅಪ್ಪ ವಿಷಯ ತಿಳಿದು ಅಂಗಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು. ಹೋಗಿ ಕೇಳಿ ಬನ್ನಿ ಎಂದು ಅಮ್ಮ ಅಂಗಲಾಚಿದಳು. "ಎಲ್ಲಿಗೆ ಹೋಗಿ ಕೇಳುದು? ಎಲ್ಲಿ ಇದ್ದಳು ಅಂತ ಪೊಲೀಸರು ಮೊದಲು ನನ್ನನ್ನೇ ಕೇಳ್ತಾರೆ. ಮತ್ತೆ ನಾವು ಮೂರೂ ಜನ ಗಂಟುಮೂಟೆ ಕಟ್ಟುದೇ" ಎಂದರು. ಹೀಗೆ, ಕಣ್ಣೆದುರಿಗಿದ್ದ ಹೆಂಗಸೊಬ್ಬಳು ಇಲ್ಲವಾದಾಗ ನಾವು ಯಾರನ್ನೂ ಕೇಳಲಿಲ್ಲ. ಬಾಯಿದ್ದೂ ಮೂಕರಾಗುವುದು ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು.

ತಿಂಗಳುಗಳಾದ ಮೇಲೆ, ಅವಳ ಜೊತೆ ಸಿನಿಮಾದ ಧ್ವನಿಮುದ್ರಣದ ಕೆಲಸ ಮಾಡಿದ್ದ ಒಬ್ಬ ಅಪ್ಪನಿಗೆ ದಾರಿಯಲ್ಲಿ ಸಿಕ್ಕಿ ಹೇಳಿದ. ಪೇಟೆಯಲ್ಲಿ ಕ್ಯಾಮೆರಾ ಕಂಡು ಪೊಲೀಸರು ಪೇಪರು ಕೇಳಿದರಂತೆ. ಪೇಪರು ಇರಲಿಲ್ಲ, ಅವಳ ದೇಶದ ವಿಮಾನ ಹತ್ತಿಸಿದರಂತೆ. ಅಲ್ಲಿ ಅವಳು ಇಳಿದದ್ದನ್ನು ಕಂಡವರಿದ್ದಾರೆ, ಆಮೇಲೆ ಕಂಡವರಿಲ್ಲ. ಅಮ್ಮನ ಕೈಗಳಿದ್ದ ಆ ಸಿನಿಮಾ ಏನಾಯಿತೋ.

ಅಮ್ಮ ಆ ಕೋಣೆಗೆ ಬೀಗ ಹಾಕಿದ್ದಳು. ಮರಿಯಾಮ ಹಿಂದಿರುಗದೆ ಹೋದದ್ದು ತನ್ನ ಹಿಡಿಸೂಡಿಯಿಂದಲೇ ಎಂದು ನಂಬಿದ್ದಳು. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಕಿಟಕಿಯ ಸಂದಿಯಿಂದ ಮರಳು ಬಂದು ಬಿದ್ದುಕೊಂಡಿತ್ತು, ಬೀಳಲಿ ಎಂದು ಬಿಟ್ಟಿದ್ದಳು. ಆದರೆ ಬಾಡಿಗೆ ಕೇಳುತ್ತದೆಯೇ. ಕೊನೆಗೆ ಕೇರಳದ ಗಂಡಹೆಂಡತಿ ಬಂದರು. ಆ ಹೆಂಗಸು ಪಾಪದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನೀವು ಇರಿ ಚೇಚಿ, ನಾನೇ ಕ್ಲೀನ್ ಮಾಡ್ತೇನೆ" ಎಂದು ಹಿಂದಿಯಲ್ಲಿ ಹೇಳಿ ಪೊರಕೆ ತೆಗೆದುಕೊಂಡಳು. ಅಮ್ಮ ನನ್ನ ಕೈ ಹಿಡಿದು ಸರಸರನೆ ಕೆಳಗೆ ಕರೆದುಕೊಂಡು ಬಂದಳು. ಬೀದಿಯಲ್ಲಿ ನೆರಳಿರಲಿಲ್ಲ. ಸುಡುವ ಬಿಸಿಲಿನಲ್ಲಿ ನಾವಿಬ್ಬರೂ ಗೋಡೆಗೆ ಒತ್ತಿಕೊಂಡು ನಿಂತೆವು. ಮೇಲೆ ಗುಡಿಸಿ ಮುಗಿದಿರಬೇಕು ಎನಿಸುವವರೆಗೆ ಅಮ್ಮ ನನ್ನ ಕೈ ಬಿಡಲಿಲ್ಲ. ಮತ್ತೆ ಮೇಲೆ ಹೋದಾಗ ಒಳಕೋಣೆಯ ಬಾಗಿಲು ತೆರೆದಿತ್ತು, ನೆಲ ಇನ್ನೂ ಒದ್ದೆಯಾಗಿತ್ತು, ಮನೆಯೆಲ್ಲ ಫಿನೈಲ್ ವಾಸನೆ ಬರುತ್ತಿತ್ತು.